ಲಕ್ಷ್ಮಣನನ್ನು ನರಕಕ್ಕೆ ಕಳಿಸಿದ್ದು ಸರಿಯೇ?

“ಲಕ್ಷ್ಮಣ ಏನ್ ತಪ್ಪ ಮಾಡ್ಯಾನ್ರಿ, ನರಕಕ್ಕ ಹೋಗಾಕ?”

ಬೆಳಗಾವಿ ಜಿಲ್ಲೆಯ ಶೇಡಬಾಳ, ಉಗಾರ, ಸದಲಗಾ ಕಡೆಯ ಬಸದಿಗಳಲ್ಲಿ ಜೈನರ ರಾಮಕಥೆಯಾದ ಪದ್ಮಪುರಾಣದ ಪ್ರವಚನ ಕೊನೆಗೆ ಬಂತೆಂದರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ರಾಮನ ಬೆನ್ನಿಗೆ ನೆರಳಿನಂತೆ ನಿಂತವನು, ಕಾಡು ಮೇಡು ಅಲೆದವನು, ಕಡೆಗೆ ನರಕಕ್ಕೆ ಹೋದ ಎಂದರೆ ಕೇಳುವವರಿಗೆ ತಡೆಯುವುದಿಲ್ಲ. ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಇಪ್ಪತ್ತನಾಲ್ಕು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತೊಂಬತ್ತು ಬಲದೇವ, ವಾಸುದೇವ, ಪ್ರತಿವಾಸುದೇವರು ಸೇರಿ ಜೈನ ಪುರಾಣಗಳಲ್ಲಿ ಅರುವತ್ತಮೂರು ಶಲಾಕಾಪುರುಷರು, ಅಂದರೆ ಮಹಾಪುರುಷರು. ವಾಸುದೇವನಾದ ಲಕ್ಷ್ಮಣ ಪ್ರತಿವಾಸುದೇವನಾದ ರಾವಣನನ್ನು ಕೊಲ್ಲಲೇಬೇಕು, ಕೊಂದದ್ದಕ್ಕೆ ನರಕ ಕಾಣಲೇಬೇಕು. ಕೊಲ್ಲದೆ ಉಳಿದ ಬಲದೇವ ರಾಮ ದೀಕ್ಷೆ ತೆಗೆದುಕೊಂಡು ಮೋಕ್ಷಕ್ಕೆ ಹೋಗುತ್ತಾನೆ. ಶಾಸ್ತ್ರ ಹೇಳುವವರು ಲೆಕ್ಕವನ್ನು ಸರಿಯಾಗಿಯೇ ಬಿಡಿಸಿ ಹೇಳುತ್ತಾರೆ. ಕೇಳುವವರ ಮನಸ್ಸು ಮಾತ್ರ ಆ ಲೆಕ್ಕಕ್ಕೆ ಒಪ್ಪುವುದಿಲ್ಲ.

ವೀರನಾಯಕರ ಕಥೆಗೆ ಇಂಥ ಕರಾಳ ತಿರುವು ಕೊಡಬಹುದೇ, ಕೊಟ್ಟರೆ ಅದನ್ನು ಯಾರು ಹೊರಬೇಕು ಎಂಬ ಈ ಜಗಳ ಕನ್ನಡಕ್ಕೆ ಸಾವಿರ ವರ್ಷಕ್ಕೂ ಹಳೆಯದು. ಶೇಡಬಾಳದಲ್ಲಿ ನಿಂತು ಅದನ್ನು ನೋಡುವುದಕ್ಕೆ ಕಾರಣವಿದೆ. ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ್ದು ಇಲ್ಲಿ. ಈ ನಾಡಿನ ಜೈನ ಒಕ್ಕಲು ಮನೆಗಳ ಬದುಕನ್ನು ಅಲ್ಲಿಯ ಮಾತಿನಲ್ಲೇ ‘ನಿಸರ್ಗ’ ಕಾದಂಬರಿಯಾಗಿ ಬರೆದ, ‘ಜೈನಧರ್ಮ’ವೆಂಬ ಗ್ರಂಥವನ್ನೂ ಕೊಟ್ಟ ಮಿರ್ಜಿ ಅಣ್ಣಾರಾಯರು 1918ರಲ್ಲಿ ಹುಟ್ಟಿದ್ದೂ ಇದೇ ಊರಲ್ಲಿ. ಪಕ್ಕದ ಸದಲಗಾ ಪ್ರಾಕೃತದ ದೊಡ್ಡ ವಿದ್ವಾಂಸ ಆ.ನೇ. ಉಪಾಧ್ಯೆಯವರ ಊರು. ಪುರಾಣ ಕೇಳುವವರು, ಅದನ್ನು ಶೋಧಿಸುವವರು, ಅದರಿಂದ ಹೊರಬಂದು ಹೊಸ ಕಥೆ ಬರೆಯುವವರು ಮೂವರೂ ಇಷ್ಟು ಹತ್ತಿರ ಹತ್ತಿರ ಸಿಗುವ ಸೀಮೆ ಅಪರೂಪ.

ಈ ವಾದದ ಮೊದಲ ದಾಖಲೆ ಕಥೆಯ ಒಳಗೇ ಇದೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ ಶುರುವಾಗುವುದೇ ಒಬ್ಬ ಕೇಳುಗನ ಸಿಟ್ಟಿನಿಂದ. ಮಗಧದ ಶ್ರೇಣಿಕ ಮಹಾರಾಜನಿಗೆ ಜನ ಹೇಳುವ ರಾಮಾಯಣ ನಂಬಲಾಗುವುದಿಲ್ಲ. ಅಷ್ಟು ಬಲಶಾಲಿಗಳಾದ ರಾಕ್ಷಸರನ್ನು ಕೋತಿಗಳು ಹೇಗೆ ಕೊಂದವು, ಕುಂಭಕರ್ಣ ಆರು ತಿಂಗಳು ನಿದ್ದೆ ಮಾಡುವುದೆಂದರೇನು, ರಾವಣನಂಥವನು ಮಾಂಸ ತಿನ್ನುವನೇ? ಹೀಗೆಲ್ಲ ಅನುಮಾನ ಹೊತ್ತುಕೊಂಡು ಅವನು ಮಹಾವೀರ ತೀರ್ಥಂಕರರ ಶಿಷ್ಯ ಗೌತಮ ಗಣಧರರ ಬಳಿ ಹೋಗುತ್ತಾನೆ. ಮುಂದಿನ ಇಡೀ ಕಾವ್ಯ ಆ ಅನುಮಾನಕ್ಕೆ ಕೊಟ್ಟ ಉತ್ತರ. ಕೇಳುಗನ ತಕರಾರನ್ನೇ ಹೊಸಿಲಾಗಿ ಇಟ್ಟುಕೊಂಡ ಕಾವ್ಯ ಇದು. ರವಿಷೇಣ ಏಳನೆಯ ಶತಮಾನದಲ್ಲಿ ಇದನ್ನೇ ಹಿಗ್ಗಿಸಿ ಸಂಸ್ಕೃತದಲ್ಲಿ ಪದ್ಮಪುರಾಣ ಮಾಡಿದ. ಒಂಬತ್ತನೆಯ ಶತಮಾನದ ಗುಣಭದ್ರ ‘ಉತ್ತರಪುರಾಣ’ದಲ್ಲಿ ಇನ್ನೊಂದೇ ದಾರಿ ಹಿಡಿದ. ಅಲ್ಲಿ ಸೀತೆ ರಾವಣ ಮಂಡೋದರಿಯರ ಮಗಳು. ಹಡೆದವನೇ ಅರಿಯದೆ ಅವಳನ್ನು ಬಯಸಿ ಹೊತ್ತೊಯ್ಯುತ್ತಾನೆ. 978ರ ಚಾವುಂಡರಾಯ ಪುರಾಣ ಗುಣಭದ್ರನ ದಾರಿಯಲ್ಲಿ ನಡೆಯಿತು, ಕನ್ನಡ ಕವಿ ನಾಗಚಂದ್ರ ವಿಮಲಸೂರಿಯ ದಾರಿ ಹಿಡಿದ. ಒಂದೇ ಧರ್ಮದೊಳಗೆ, ಒಂದೇ ವೀರರ ಎರಡು ಚರಿತ್ರೆಗಳು ಜೊತೆಜೊತೆಯಾಗಿ ಬಾಳಿದವು. ಒಂದು ನಿಜ, ಇನ್ನೊಂದು ಸುಳ್ಳು ಎಂದು ಯಾರೂ ಸುಡಲಿಲ್ಲ. ಈ ಔದಾರ್ಯವನ್ನು ನಾವು ಸಾಕಷ್ಟು ಮೆಚ್ಚಿಕೊಂಡಿಲ್ಲ ಎಂದೇ ನನ್ನ ಭಾವನೆ.

ಕನ್ನಡದಲ್ಲಿ ಮೊದಲ ದೊಡ್ಡ ಆಘಾತ ಪಂಪನ ‘ಆದಿಪುರಾಣ’ದಲ್ಲಿದೆ, 941ರಲ್ಲಿ. ದೇವನರ್ತಕಿ ನೀಲಾಂಜನೆ ಕುಣಿಯುತ್ತ ಕುಣಿಯುತ್ತಲೇ ಆಯುಷ್ಯ ಮುಗಿದು ಮರೆಯಾಗುತ್ತಾಳೆ. ರಸಭಂಗವಾಗದಂತೆ ಇಂದ್ರ ಅವಳಂಥವಳನ್ನೇ ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ಮುಂದೆ ಮೊದಲ ತೀರ್ಥಂಕರನಾಗುವ ವೃಷಭನಾಥನಿಗೆ ಮಾತ್ರ ಗೊತ್ತಾಗಿ ವೈರಾಗ್ಯ ಹುಟ್ಟುತ್ತದೆ. ಈ ಭಾಗದಲ್ಲಿ ಪಂಚಕಲ್ಯಾಣ ಉತ್ಸವ ನಡೆದಾಗ ನೀಲಾಂಜನಾ ನೃತ್ಯವನ್ನು ಮಂಟಪದಲ್ಲಿ ಆಡಿಸುತ್ತಾರೆ. ಕಿರೀಟ ಹಾಕಿಕೊಂಡ ಆದಿಕುಮಾರ, ಸೌಧರ್ಮ ಇಂದ್ರನ ವೇಷದ ಶ್ರಾವಕ, ಎದುರಿಗೆ ಗೆಜ್ಜೆ ಕಟ್ಟಿದ ಹುಡುಗಿ. ಅವಳು ಕುಸಿಯುತ್ತಾಳೆ, ದೀಪ ಆರಿ ಹೊತ್ತುವುದರೊಳಗೆ ಅದೇ ಬಣ್ಣದ ಸೀರೆಯುಟ್ಟ ಇನ್ನೊಬ್ಬಳು ಅದೇ ಹೆಜ್ಜೆ ಹಾಕುತ್ತಿರುತ್ತಾಳೆ. ಜನ ಜಯಕಾರ ಹಾಕುತ್ತಾರೆ, ಭಗವಂತನಿಗೆ ವೈರಾಗ್ಯ ಬಂತೆಂದು. ಸತ್ತವಳ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ನಾಯಕನ ಕಣ್ಣು ತೆರೆಸಲು ಒಬ್ಬ ಹೆಣ್ಣು ಸಾಯಬೇಕು ಎಂಬ ಈ ಏರ್ಪಾಡು ಮುಂದೆ ಮತ್ತೆ ಮತ್ತೆ ಬರುತ್ತದೆ. ಅದರ ಮೇಲಿನ ನನ್ನ ತಕರಾರು ಕೊನೆಯವರೆಗೂ ಉಳಿಯುತ್ತದೆ.

‘ವಡ್ಡಾರಾಧನೆ’ಯದು ಬೇರೆಯೇ ಧೈರ್ಯ. ಹತ್ತೊಂಬತ್ತು ಕಥೆ, ಹತ್ತೊಂಬತ್ತು ಮಹಾಪುರುಷರು, ಪ್ರತಿಯೊಬ್ಬರಿಗೂ ಉಪಸರ್ಗ, ಅಂದರೆ ತಪಸ್ಸಿನ ನಡುವೆ ಬಂದೆರಗುವ ಘೋರ ಕಷ್ಟ. ಸುಕುಮಾರಸ್ವಾಮಿಯ ಕಥೆಯನ್ನು ಮೊದಲ ಸಲ ಓದಿದವರು ನಡುಗದೆ ಇರಲಾರರು. ಅವನು ಎಷ್ಟು ಸುಕೋಮಲನೆಂದರೆ ಸೇಸೆಯಿಕ್ಕಿದ ಬಿಳಿ ಸಾಸಿವೆ ಕಾಳು ಕೂತಲ್ಲಿ ಒತ್ತಿ ನೋಯುತ್ತದೆ, ದೀಪದ ಬೆಳಕಿಗೆ ಕಣ್ಣಲ್ಲಿ ನೀರು ಬರುತ್ತದೆ. ಅಂಥವನು ದೀಕ್ಷೆ ಪಡೆದು ಬರಿಗಾಲಲ್ಲಿ ಕಾಡಿಗೆ ನಡೆಯುತ್ತಾನೆ. ಅಂಗಾಲಿನಿಂದ ಒಸರಿದ ರಕ್ತದ ಜಾಡು ಹಿಡಿದು ಬಂದ ಹೆಣ್ಣು ನರಿ ಮರಿಗಳೊಂದಿಗೆ ಮೂರು ರಾತ್ರಿ ಅವನನ್ನು ಕಾಲಿನಿಂದ ಮೇಲಕ್ಕೆ ತಿನ್ನುತ್ತದೆ, ಅವನು ಅಲುಗುವುದಿಲ್ಲ. ಇಷ್ಟೇ ಆಗಿದ್ದರೆ ಕಥೆ ಕ್ರೌರ್ಯದ ಪ್ರದರ್ಶನವಾಗುತ್ತಿತ್ತು. ಆದರೆ ಆ ನರಿ ಹಿಂದಿನ ಒಂದು ಭವದಲ್ಲಿ ಅವನ ಅತ್ತಿಗೆ. ಅವನು ವಾಯುಭೂತಿಯಾಗಿದ್ದಾಗ ಅವಳನ್ನು ಕಾಲಿನಿಂದ ಒದ್ದಿದ್ದ, ಒದ್ದ ಕಾಲನ್ನೇ ತಿನ್ನುತ್ತೇನೆಂದು ಅವಳು ನಿದಾನ, ಅಂದರೆ ಮುಂದಿನ ಭವದ ಸಂಕಲ್ಪ, ಕಟ್ಟಿಕೊಂಡಿದ್ದಳು. ನಾಯಕನ ಸಾವಿಗೆ ಅವನ ಕಾಲೇ ಕಾರಣ, ಒದೆ ತಿಂದವಳ ನೋವಿಗೂ ಕಥೆಯಲ್ಲಿ ಲೆಕ್ಕವಿದೆ. ಕರಾಳ ತಿರುವು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ತೋರಿಸುತ್ತೇನೆ.

ಮುಧೋಳದ ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕ ಮಾಡಿ, ಓದುಗರ ಕಣ್ಣೀರನ್ನೆಲ್ಲ ದುರ್ಯೋಧನನಿಗೆ ಕೊಟ್ಟ. ಶತಮಾನಗಳಾಚೆ 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ‘ಗದಾಯುದ್ಧ ನಾಟಕಂ’ ಆಗಿಸಿ, ಗ್ರೀಕರ ದುರಂತ ನಾಟಕದ ಕಣ್ಣಿನಿಂದ ನೋಡುವುದನ್ನು ನಮಗೆ ಕಲಿಸಿದರು. ನಾಗಚಂದ್ರನ ರಾವಣನನ್ನು ದುರಂತ ನಾಯಕನೆಂದು ಎತ್ತಿ ಹಿಡಿದವರಲ್ಲೂ ಅವರೇ ಮುಖ್ಯರು. ಆ ನಾಗಚಂದ್ರ ಶೇಡಬಾಳಕ್ಕೆ ದೂರದವನೇನಲ್ಲ. ವಿಜಯಪುರದಲ್ಲಿ ಮಲ್ಲಿನಾಥ ಬಸದಿ ಕಟ್ಟಿಸಿದವನು. ಅವನ ರಾವಣನಿಗೆ ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂಬ ವ್ರತವಿದೆ. ತನ್ನ ಮಾತಿಗೆ ಸೀತೆ ಮೂರ್ಛೆ ಹೋದದ್ದನ್ನು ನೋಡಿ ಅವನ ಮನಸ್ಸು ತಿರುಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆನ್ನುತ್ತಾರೆ, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಆ ಒಂದು ಬಿಗುಮಾನಕ್ಕೆ ಬಲಿಯಾಗುತ್ತಾನೆ. ಖಳ ಒಳ್ಳೆಯವನಾದ ಗಳಿಗೆಯಲ್ಲೇ ಸಾಯುವುದು ಕೇಳುವವರ ಹೊಟ್ಟೆಯಲ್ಲಿ ಕೆಂಡ ಇಟ್ಟಂತೆ.

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಓದುಗರು ಕಳೆದ ಐವತ್ತು ವರ್ಷಗಳಲ್ಲಿ ಇದೇ ಜಗಳಕ್ಕೆ ಬಂದು ನಿಂತಿದ್ದಾರೆ. 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಕೊಂದಾಗ ಓದುಗರು ಸಿಟ್ಟಿನ ಪತ್ರ ಬರೆದರು. 1988ರಲ್ಲಿ ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್ ಸಾಯಬೇಕೋ ಬದುಕಬೇಕೋ ಎಂದು ಪ್ರಕಾಶಕರು ದೂರವಾಣಿಯಲ್ಲಿ ಓದುಗರ ಮತ ಕೇಳಿದರು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಮತಗಳ ಅಂತರದಲ್ಲಿ ಜೇಸನ್ ಟಾಡ್ ಎಂಬ ಆ ಹುಡುಗ ಸತ್ತ. 2005ರ ಹೊತ್ತಿಗೆ ಅವನನ್ನು ಬದುಕಿಸಿ ಕರೆತಂದರು. 1992ರಲ್ಲಿ ಸತ್ತ ಸೂಪರ್‌ಮ್ಯಾನ್ ಮರುವರ್ಷವೇ ಎದ್ದು ಬಂದ. ನಾಯಕರ ಕಥೆ ಮುಂದೂಡಲು ಹೆಣ್ಣುಗಳನ್ನು ಕೊಲ್ಲುವ, ಅಂಗಹೀನ ಮಾಡುವ ಚಾಳಿಯನ್ನು ಗೇಲ್ ಸಿಮೋನ್ ಎಂಬ ಲೇಖಕಿ 1999ರಲ್ಲಿ ಪಟ್ಟಿ ಮಾಡಿ ತೋರಿಸಿದರು. ನೀಲಾಂಜನೆಯನ್ನು ಬಲ್ಲ ನಮಗೆ ಆ ಪಟ್ಟಿ ಹೊಸದೆನಿಸುವುದಿಲ್ಲ.

ಆದರೂ ಒಂದು ವ್ಯತ್ಯಾಸ ದೊಡ್ಡದು. ನಮ್ಮ ಪುರಾಣದಲ್ಲಿ ಸತ್ತವರು ಹಾಗೆ ಎದ್ದು ಬರುವುದಿಲ್ಲ. ರವಿಷೇಣನ ಲಕ್ಷ್ಮಣ ಸಾಯುವುದು ದೇವತೆಗಳ ಪರೀಕ್ಷೆಯಲ್ಲಿ. ರಾಮ ಸತ್ತನೆಂಬ ಸುಳ್ಳು ಕೇಳಿದ್ದೇ ಪ್ರಾಣ ಬಿಡುತ್ತಾನೆ. ರಾಮ ಆರು ತಿಂಗಳು ಆ ಹೆಣವನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ, ಮೀಯಿಸುತ್ತಾನೆ, ಉಣಿಸಲು ನೋಡುತ್ತಾನೆ. ಸ್ವರ್ಗದಲ್ಲಿ ಇಂದ್ರನಾಗಿ ಹುಟ್ಟಿದ ಸೀತೆಯ ಜೀವ ನರಕಕ್ಕೆ ಇಳಿದು ಹೋದರೆ ಅಲ್ಲಿಯೂ ಲಕ್ಷ್ಮಣ ರಾವಣರು ಹೊಡೆದಾಡುತ್ತಿರುತ್ತಾರೆ. ಸೀತೇಂದ್ರ ಅವರಿಗೆ ತಿಳಿಹೇಳಿ ವೈರ ಬಿಡಿಸುತ್ತಾನೆ, ಆದರೆ ನರಕದಿಂದ ಎತ್ತಿ ತರಲಾರ. ಆಯುಷ್ಯ ತೀರುವವರೆಗೆ ಅಲ್ಲಿರಬೇಕು. “ಏನ್ ತಪ್ಪ ಮಾಡ್ಯಾನ್ರಿ” ಎಂದ ಕೇಳುಗರಿಗೆ ಪುರಾಣ ಕೊಡುವ ಸಮಾಧಾನ ಇಷ್ಟೇ, ಇದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಬರುವುದಿಲ್ಲ. ನನಗೆ ಅದು ಪ್ರಾಮಾಣಿಕವೆನಿಸುತ್ತದೆ.

ಈ ಪರಂಪರೆಯ ತುದಿ ಜನ್ನ. 1209ರ ‘ಯಶೋಧರ ಚರಿತೆ’ಯ ಕಥೆ ಅವನ ಸ್ವಂತದ್ದಲ್ಲ. 931ರ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ ಅದಿದೆ, 959ರ ಸೋಮದೇವನ ‘ಯಶಸ್ತಿಲಕ’ದಲ್ಲಿ ವಿಸ್ತಾರವಾಗಿ ಇದೆ. ಉಜ್ಜಯಿನಿಯ ರಾಣಿ ಅಮೃತಮತಿ ನಡುರಾತ್ರಿ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ಅವನು ಅಷ್ಟಾವಂಕ, ನೋಡಲಾಗದ ಕುರೂಪಿ. ತಡವಾಗಿ ಬಂದಳೆಂದು ಅವನು ಹೊಡೆಯುವುದನ್ನೂ, ಅವಳು ಅದನ್ನು ಸಹಿಸಿ ಓಲೈಸುವುದನ್ನೂ ಗಂಡ ಯಶೋಧರ ಮರೆಯಲ್ಲಿ ನಿಂತು ನೋಡುತ್ತಾನೆ. ಕತ್ತಿಗೆ ಕೈ ಹೋಗಿ ಹಿಂದೆ ಬರುತ್ತದೆ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸೆಂದು ಹೇಳುತ್ತಾನೆ. ಪ್ರಾಣಿ ಬಲಿ ಬೇಡವೆಂದು ಹಿಟ್ಟಿನ ಹುಂಜಕ್ಕೆ ಒಪ್ಪುತ್ತಾನೆ, ಕಡಿದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಮನಸ್ಸಿನಲ್ಲಿ ಕೊಂದದ್ದೂ ಕೊಂದದ್ದೇ. ಮುಂದೆ ರಾಣಿಯ ವಿಷಕ್ಕೆ ತಾಯಿ ಮಗ ಸತ್ತು ನವಿಲು, ನಾಯಿ, ಮೀನು, ಆಡು, ಕೋಳಿಯಾಗಿ ಹುಟ್ಟುತ್ತ ಹೋಗುತ್ತಾರೆ. ತನ್ನದೇ ಶ್ರಾದ್ಧದ ಅಡುಗೆಗೆ ಯಶೋಧರನೇ ಮೀನಾಗಿ ಬೇಯುತ್ತಾನೆ. ಶ್ರಾದ್ಧ ಮಾಡುವ ಮಗನಿಗೆ ಗೊತ್ತಿಲ್ಲ, ಓದುವ ನಮಗೆ ಗೊತ್ತು.

ಎಂಟು ನೂರು ವರ್ಷಗಳಿಂದ ವಾದ ನಿಂತಿರುವುದು ಅಮೃತಮತಿಯ ಮೇಲೆ. ಚೆಲುವ ಗಂಡನನ್ನು ಬಿಟ್ಟು ಆ ಮಾವುತನಿಗೆ ಯಾಕೆ? ಕರ್ಮವೆಂದರು, ಹೆಣ್ಣಿನ ಚಾಂಚಲ್ಯವೆಂದರು. ಹೊಸಗಾಲದ ಓದುಗರು ಕಾಮದ ನಿಗೂಢವೆಂದರು. ನನ್ನ ಅನಿಸಿಕೆಯಲ್ಲಿ ಆ ರಾತ್ರಿಯನ್ನು ಬರೆಯುವಾಗ ಜನ್ನ ಅವಳ ಪಕ್ಕದಲ್ಲೇ ನಿಂತಿದ್ದಾನೆ. ಹಾಡಿಗೆ ಸೋತ ಮನಸ್ಸನ್ನು ಅವನು ಎಲ್ಲಿಯೂ ಹಗುರ ಮಾಡುವುದಿಲ್ಲ. ಬೆಳಗಾದ ಮೇಲೆ ಅವಳನ್ನು ಕೈಬಿಟ್ಟ. ವಿಷ ಹಾಕಿಸಿದ, ಕುಷ್ಠ ಹಿಡಿಸಿದ, ನರಕಕ್ಕೆ ತಳ್ಳಿದ. ಹಿಟ್ಟಿನ ಹುಂಜ ಕಡಿದವನಿಗೆ ಭವಭವದ ದಾರಿ ಮತ್ತು ಕೊನೆಗೆ ಬಿಡುಗಡೆ, ಅವಳಿಗೆ ಬರೀ ಶಿಕ್ಷೆ. ಸುಕುಮಾರನ ಕಥೆಯಲ್ಲಿ ನರಿಗೂ ಇದ್ದ ನ್ಯಾಯ ಇಲ್ಲಿ ರಾಣಿಗೆ ಸಿಗಲಿಲ್ಲ.

1230ರ ‘ಅನಂತನಾಥ ಪುರಾಣ’ದಲ್ಲಿ ಜನ್ನನೇ ಇನ್ನೊಂದು ಕಥೆ ಹೇಳಿದ. ವಸುಷೇಣನ ಅತಿಥಿಯಾಗಿ ಬಂದ ಚಂಡಶಾಸನ ಅವನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಅವಳು ಒಲಿಯದಿದ್ದಾಗ ಗಂಡನ ಮಾಯಾಶಿರ ತೋರಿಸುತ್ತಾನೆ, ಅದನ್ನು ಕಂಡು ಅವಳು ಸಾಯುತ್ತಾಳೆ. ಚಂಡಶಾಸನ ಅವಳ ಚಿತೆಯನ್ನೇ ಏರುತ್ತಾನೆ. ಓದುಗರು ಖಳನಿಗಾಗಿ ಮರುಗುತ್ತಾರೆ. ಅದು ಜನ್ನನ ಪ್ರತಿಭೆಯ ಬಲವೂ ಹೌದು, ಅಪಾಯವೂ ಹೌದು.

ಇಪ್ಪತ್ತನೆಯ ಶತಮಾನದಲ್ಲಿ ವಾದ ಬಸದಿಯಿಂದ ಅಚ್ಚಿನ ಮನೆಗೆ ಬಂತು. ಉಪಾಧ್ಯೆಯವರು 1943ರಲ್ಲಿ ಬೃಹತ್ಕಥಾಕೋಶವನ್ನು ಸಂಪಾದಿಸಿ, ಈ ಘೋರ ಕಥೆಗಳು ಯಾವ ಯಾವ ಭಾಷೆ ದಾಟಿ ಬಂದವೆಂದು ತೋರಿಸಿದರು. ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ‘ವಡ್ಡಾರಾಧನೆ’ 1949ರಲ್ಲಿ ಬಂತು. ಅದೇ ವರ್ಷ ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. 1979ರಲ್ಲಿ ಭೈರಪ್ಪನವರ ‘ಪರ್ವ’ ಮಹಾಭಾರತದ ಪವಾಡಗಳನ್ನೆಲ್ಲ ತೆಗೆದುಹಾಕಿದಾಗ ಕೆಲವರು ಕೆಂಡವಾದರು. ಶ್ರೇಣಿಕನಾಗಿದ್ದರೆ ಆ ಕಾದಂಬರಿಯನ್ನು ಮೆಚ್ಚುತ್ತಿದ್ದನೇನೋ. 

ಅಮೃತಮತಿಗೆ ಆದ ಅನ್ಯಾಯವನ್ನು ನೇರವಾಗಿ ಎತ್ತಿಕೊಂಡವರು ಗಿರೀಶ ಕಾರ್ನಾಡರು. 1980ರ ‘ಹಿಟ್ಟಿನ ಹುಂಜ’ದಲ್ಲಿ ರಾಜ, ರಾಣಿ, ರಾಜಮಾತೆ, ಮಾವುತ ಇಷ್ಟೇ ಜನ. ಜನ್ಮಾಂತರವಿಲ್ಲ, ಕುಷ್ಠವಿಲ್ಲ, ನರಕವಿಲ್ಲ. ಒಂದೇ ರಾತ್ರಿಯಲ್ಲಿ ರಾಣಿ ತನ್ನ ಮಾತು ಹೇಳುತ್ತಾಳೆ, ಹಿಟ್ಟಿನ ಬಲಿಯೆಂಬ ನಟನೆ ಯಾರ ಸಮಾಧಾನಕ್ಕೆ ಎಂದು ಗಂಡನನ್ನೇ ಕೇಳುವ ಹಕ್ಕು ಪಡೆಯುತ್ತಾಳೆ. ಭವಾವಳಿಯನ್ನು ಕೈಬಿಟ್ಟದ್ದರಿಂದ ಕಥೆಯ ಹರವು ಕಡಿಮೆಯಾಯಿತು ಎನ್ನುವವರ ಮಾತು ಸುಳ್ಳಲ್ಲ, ಶ್ರಾದ್ಧದ ಮೀನಿನ ಆ ಭಯಂಕರ ದೃಶ್ಯ ನಾಟಕದಲ್ಲಿಲ್ಲ. ಆದರೂ ಆ ಬೆಲೆ ತೆರಬಹುದು ಎಂದೇ ನಾನು ಹೇಳುತ್ತೇನೆ. ಸುನಂದೆಯ ಕಥೆಯನ್ನೂ ಯಾರಾದರೂ ಹೀಗೆ ಬರೆಯಬೇಕೆಂದು ನನಗೆ ಆಸೆ. ಗಂಡನ ತಲೆಯೆಂದು ತಂದಿಟ್ಟದ್ದನ್ನು ಅವಳು ಕೈಯಲ್ಲಿ ಎತ್ತಿ, ಇದು ಅವನದ್ದಲ್ಲ ಎಂದು ಗುರುತಿಸಿದ್ದರೆ ಚಂಡಶಾಸನ ಮುಂದೇನು ಮಾಡುತ್ತಿದ್ದ?