ಕ್ಲಾರ್ಕ್–ಬೋಲಾಂಡ್ ಬಿಗ್ ಬ್ಯಾಂಡ್

ಅಮೆರಿಕದ ಡ್ರಮ್ಸ್ ವಾದಕ ಕೆನಿ ಕ್ಲಾರ್ಕ್ (1914–1985) ಹಾಗೂ ಬೆಲ್ಜಿಯಂನ ಪಿಯಾನೊ ವಾದಕ ಫ್ರಾನ್ಸಿ ಬೋಲಾಂಡ್ (1929–2005) ಜೊತೆಯಾಗಿ ಮುನ್ನಡೆಸಿದ ಜಾಝ್ ವಾದ್ಯವೃಂದ. ಜರ್ಮನಿಯ ಕಲೋನ್ ನಗರವನ್ನು ನೆಲೆ ಮಾಡಿಕೊಂಡು 1961ರಿಂದ 1972ರವರೆಗೆ ಬಾಳಿತು.

ನ್ಯೂಯಾರ್ಕಿನ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್ ಕ್ಲಬ್ಬಿನಲ್ಲಿ ಬೀಬಾಪ್ ಎಂಬ ಜಾಝ್ ಶೈಲಿ ಮೈದಳೆದ ಕಾಲದಲ್ಲಿ ಕ್ಲಾರ್ಕ್ ಅಲ್ಲಿನ ಡ್ರಮ್ಸ್ ವಾದಕನಾಗಿದ್ದ. ಲಯ ಹಿಡಿಯುವ ಕೆಲಸವನ್ನು ಕಾಲಿನಲ್ಲಿ ಬಾರಿಸುವ ಬೇಸ್ ಡ್ರಮ್ಮಿನಿಂದ ಬಿಡಿಸಿ ರೈಡ್ ಸಿಂಬಲ್ಲಿಗೆ ವಹಿಸಿದವನು ಈತ. 1956ರಲ್ಲಿ ಪ್ಯಾರಿಸ್ಸಿಗೆ ಬಂದವನು ಅಲ್ಲೇ ಉಳಿದ. ಬೋಲಾಂಡ್ ಅಮೆರಿಕದಲ್ಲಿ ಕೌಂಟ್ ಬೇಸಿ, ಬೆನಿ ಗುಡ್‌ಮನ್ ತಂಡಗಳಿಗೆ ಸಂಗೀತ ಬರೆದುಕೊಟ್ಟು ಮರಳಿದ್ದ. ಇಬ್ಬರನ್ನೂ ಕೂಡಿಸಿದವನು ಕಲೋನ್‌ನಲ್ಲಿ ಐಸ್‌ಕ್ರೀಂ ಕೆಫೆ ನಡೆಸುತ್ತಿದ್ದ, ಇಟಲಿ ಮೂಲದ ಜೀಜಿ ಕಾಂಪಿ. ಹಣ ಹೂಡಿದವನೂ ಈತನೇ. ತಂಡದ ಹೆಸರಿನಲ್ಲಿ ಮೂರನೆಯದಾಗಿ ಕಾಂಪಿಯ ಹೆಸರೂ ಇರಬೇಕಿತ್ತು.

1961ರ ಮೇ ತಿಂಗಳಲ್ಲಿ ಎಂಟು ಜನರ ತಂಡ ‘ದಿ ಗೋಲ್ಡನ್ ಏಯ್ಟ್’ ಧ್ವನಿಮುದ್ರಿಕೆ ಮಾಡಿತು. ಅದೇ ವರ್ಷಾಂತ್ಯಕ್ಕೆ ಪೂರ್ಣ ಬಿಗ್ ಬ್ಯಾಂಡ್ ‘ಜಾಝ್ ಈಸ್ ಯೂನಿವರ್ಸಲ್’ ಮುದ್ರಿಸಿತು. ವರ್ಣಭೇದದಿಂದ ಬೇಸತ್ತು ಯುರೋಪಿಗೆ ಬಂದಿದ್ದ ಕಪ್ಪು ಕಲಾವಿದರಿಗೂ, ಜರ್ಮನ್ ರೇಡಿಯೊ ವಾದ್ಯವೃಂದಗಳಲ್ಲಿ ಸಂಬಳಕ್ಕಿದ್ದ ಯುರೋಪಿಯನ್ನರಿಗೂ ಇದು ಕೂಡುದಾಣವಾಯಿತು. ಟ್ರಂಪೆಟ್‌ನಲ್ಲಿ ಅಮೆರಿಕದ ಬೆನಿ ಬೇಲಿ, ಯುಗೊಸ್ಲಾವಿಯದ ದುಷ್ಕೊ ಗೊಯ್ಕೊವಿಚ್. ಟ್ರಾಂಬೋನ್‌ನಲ್ಲಿ ಸ್ವೀಡನ್ನಿನ ಓಕೆ ಪರ್ಸನ್. ಸ್ಯಾಕ್ಸೊಫೋನ್‌ಗಳಲ್ಲಿ ಇಂಗ್ಲೆಂಡಿನ ಡೆರೆಕ್ ಹಂಬಲ್, ಆಸ್ಟ್ರಿಯದ ಕಾರ್ಲ್ ಡ್ರೇವೊ, ಅಮೆರಿಕದ ಸಾಹಿಬ್ ಶಿಹಾಬ್, ಜಾನಿ ಗ್ರಿಫಿನ್. ಎಲ್ಲರಿಗೂ ಬೇರೆ ಬೇರೆ ಉದ್ಯೋಗವಿದ್ದುದರಿಂದ ಬಿಡುವು ಹೊಂದಿಸಿಕೊಂಡೇ ಕಲೆಯಬೇಕಿತ್ತು. ಮೊದಲ ಕೆಲವು ವರ್ಷ ಇದು ಬಹುಮಟ್ಟಿಗೆ ಸ್ಟುಡಿಯೊ ತಂಡ.

ಹಲವು ದೇಶದವರಿದ್ದರು ಎಂಬ ಮಾತನ್ನೇ ತಂಡದ ಹಿರಿಮೆಯಾಗಿ ಹೇಳುವುದು ರೂಢಿ. ಕೇಳುವ ಕಿವಿಗೆ ಅದು ಮುಖ್ಯವಲ್ಲ. ಬೋಲಾಂಡ್ ಪ್ರತಿ ವಾದಕನ ನಾದದ ಗುಣ ಬಲ್ಲವನಾಗಿ, ಅದಕ್ಕೆ ಒಪ್ಪುವಂತೆ ಬರೆದ. ಹತ್ತು ವರ್ಷದಲ್ಲಿ ತಂಡದ ತಿರುಳಾದ ವಾದಕರು ಹೆಚ್ಚು ಬದಲಾಗಲಿಲ್ಲ. 1967ರ ‘ಸ್ಯಾಕ್ಸ್ ನೋ ಎಂಡ್’ ಕೇಳಿದರೆ ಇದರ ಫಲ ತಿಳಿಯುತ್ತದೆ. ಅದರಲ್ಲಿ ಸ್ಯಾಕ್ಸೊಫೋನ್‌ಗಳೆಲ್ಲ ಒಟ್ಟಾಗಿ ನುಡಿಸುವ ಉದ್ದದ ಭಾಗ ಪೂರ್ತಿ ಬರೆದಿಟ್ಟದ್ದು, ಆದರೂ ಆ ಕ್ಷಣದ ಮನೋಧರ್ಮದಲ್ಲಿ ಹುಟ್ಟಿದಂತೆ ಓಡುತ್ತದೆ. ತಂಡವನ್ನು ಹೊಸದಾಗಿ ಕೇಳುವವರು ಇಲ್ಲಿಂದಲೇ ತೊಡಗಬಹುದು.

ಮುಂದೆ ಇಂಗ್ಲೆಂಡಿನ ಕೆನಿ ಕ್ಲೇರ್ ಎರಡನೆಯ ಡ್ರಮ್ಸ್ ವಾದಕನಾಗಿ ಸೇರಿದ. ಹೆಸರುಗಳ ಗೊಂದಲ ಹಾಗಿರಲಿ, ಇಬ್ಬರು ಬಾರಿಸಿದರೂ ಗದ್ದಲವೇಳಲಿಲ್ಲ. 1969ರ ಫೆಬ್ರವರಿಯಲ್ಲಿ ಲಂಡನ್ನಿನ ರಾನಿ ಸ್ಕಾಟ್ ಕ್ಲಬ್ಬಿನಲ್ಲಿ ನಡೆದ ಕಛೇರಿಗಳು ಮುದ್ರಿತವಾಗಿ ಹೊರಬಂದವು; ಕ್ಲಬ್ಬಿನ ಒಡೆಯ ಸ್ಕಾಟ್ ಸ್ವತಃ ಸ್ಯಾಕ್ಸೊಫೋನ್ ಸಾಲಿನಲ್ಲಿದ್ದ. ಗಾಯಕಿ ಕಾರ್ಮೆನ್ ಮೆಕ್ರೇ, ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಜೊತೆಗೂ ಧ್ವನಿಮುದ್ರಿಕೆಗಳಿವೆ.

1971ರಲ್ಲಿ ಹಂಬಲ್ ತೀರಿಕೊಂಡ. ಮರುವರ್ಷ ತಂಡ ವಿಸರ್ಜನೆಯಾಯಿತು. ಬೋಲಾಂಡ್ ಮುಂದೆ ಜಿನೀವಾದಲ್ಲಿ ನೆಲೆಸಿದ. ಕ್ಲಾರ್ಕ್ ಕೊನೆಯವರೆಗೂ ಫ್ರಾನ್ಸಿನಲ್ಲೇ ಇದ್ದ.