ಸ್ಕ್ರಿಪ್ಟ್

ನಾಗಮಂಗಲ, ಪಾಂಡವಪುರ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಯುವವರ ಕೈಯಲ್ಲಿರುವ ಮಾತಿನ ಪ್ರತಿಗೂ, ವೆಬ್ ಪುಟದಲ್ಲಿ ಚಿತ್ರ ಕುಣಿಸುವ ಕೋಡಿಗೂ ಇಂಗ್ಲಿಷಿನಲ್ಲಿ ಹೆಸರು ಒಂದೇ: ಸ್ಕ್ರಿಪ್ಟ್. ‘ಬರೆ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ. ಕಂಪ್ಯೂಟರಿನ ಮಟ್ಟಿಗೆ ಇದನ್ನು ‘ಲಿಪಿ’ ಎಂದರೆ ಅರ್ಥ ಕೆಡುತ್ತದೆ. ಇಲ್ಲಿರುವುದು ರಂಗದ ನಂಟು. ಮ್ಯಾಕ್ರೋಮೀಡಿಯಾ ಡೈರೆಕ್ಟರ್ ಎಂಬ ಹಿಂದಿನ ಆ್ಯನಿಮೇಶನ್ ತಂತ್ರಾಂಶದಲ್ಲಿ ಚಿತ್ರ ಓಡಾಡುವ ಜಾಗ ‘ಸ್ಟೇಜ್’, ಚಿತ್ರಗಳು ‘ಕಾಸ್ಟ್’, ಅಂದರೆ ಪಾತ್ರವರ್ಗ. ಅದೇ ಬಗೆಯ ಫ್ಲ್ಯಾಶ್ ತಂತ್ರಾಂಶ ಕೂಡ ಸ್ಟೇಜನ್ನು ಉಳಿಸಿಕೊಂಡಿತು. 2000ದಲ್ಲಿ ಬಂದ ಫ್ಲ್ಯಾಶ್ 5ರೊಂದಿಗೆ ಅದರ ಭಾಷೆಗೆ ಆ್ಯಕ್ಷನ್‌ಸ್ಕ್ರಿಪ್ಟ್ ಎಂಬ ಹೆಸರಾಯಿತು.

ನಾಟಕದಲ್ಲಿ ಭೀಮನ ಮಾತಾದ ಮೇಲೆ ದುರ್ಯೋಧನನದು ಎಂಬುದು ಗೊತ್ತೇ ಇರುತ್ತದೆ. ಕಂಪ್ಯೂಟರಿನ ಸ್ಕ್ರಿಪ್ಟಿನಲ್ಲಿ ಮಾತ್ರ ನೋಡುವವರು ಯಾವಾಗ, ಎಲ್ಲಿ ಒತ್ತುತ್ತಾರೋ ತಿಳಿಯದು. ‘ಗುಂಡಿ ಒತ್ತಿದರೆ ಹಕ್ಕಿ ಹಾರಲಿ’ ಎಂದು ಮೊದಲೇ ಬರೆದಿಟ್ಟು ಕಾಯಬೇಕು. ಹೊಸಬರು ತಡವರಿಸುವುದು ಇಲ್ಲೇ. ಚಲನೆಯ ಲೆಕ್ಕಕ್ಕಿಂತ ಮೊದಲು ಇದನ್ನೇ ಕಲಿಸಬೇಕೆಂಬುದು ನನ್ನ ನಂಬಿಕೆ.

ಫ್ಲ್ಯಾಶ್ ಪ್ಲೇಯರಿಗೆ ಅಡೋಬಿಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಶ್ರೀರಂಗಪಟ್ಟಣದಲ್ಲೋ ಕೆ.ಆರ್. ಪೇಟೆಯಲ್ಲೋ ಈಗ ಕಲಿಯಲು ಕೂರುವವರು 1995ರ ಜಾವಾಸ್ಕ್ರಿಪ್ಟನ್ನು ಹಿಡಿಯಲಿ. ಬ್ರೌಸರ್ ಒಂದಿದ್ದರೆ ಸಾಕು. ಇದೂ ಆ್ಯಕ್ಷನ್‌ಸ್ಕ್ರಿಪ್ಟೂ ಎಕ್ಮಾಸ್ಕ್ರಿಪ್ಟ್ ಎಂಬ ಒಂದೇ ಮಾನದಂಡದ ಕವಲುಗಳಾದ್ದರಿಂದ, ಆ್ಯಕ್ಷನ್‌ಸ್ಕ್ರಿಪ್ಟ್ ಬಲ್ಲವರಿಗೆ ಅದು ಬೇಗ ಕೈಹತ್ತುತ್ತದೆ.