ನಿವೃತ್ತಿಯೇ ಇಲ್ಲದ ರ‍್ಯಾಂಕ್

ಇವತ್ತಿನ ಎಪಿಸೋಡ್ ನಮ್ಮ ಭೂಸೇನೆಯ ಅತಿ ದೊಡ್ಡ ರ‍್ಯಾಂಕ್ ಬಗ್ಗೆ: ಫೀಲ್ಡ್ ಮಾರ್ಷಲ್. ಸ್ವತಂತ್ರ ಭಾರತದಲ್ಲಿ ಇಲ್ಲಿತನಕ ಇದು ಸಿಕ್ಕಿದ್ದು ಇಬ್ಬರಿಗೆ ಮಾತ್ರ. ಒಬ್ಬರು ಸ್ಯಾಮ್ ಮಾಣೆಕ್ ಶಾ, ಇನ್ನೊಬ್ಬರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ.

ಇದನ್ನ ಫೈವ್ ಸ್ಟಾರ್ ರ‍್ಯಾಂಕ್ ಅಂತಾರೆ. ಹಾಗಾದ್ರೆ ಹೆಗಲ ಮೇಲೆ ಐದು ನಕ್ಷತ್ರ ಇರುತ್ತಾ? ಇಲ್ಲ. ನಕ್ಷತ್ರಗಳು ಇರೋದು ಕಾಲರ್ ಪಟ್ಟಿ ಮೇಲೆ, ಕಾರಿನ ಪ್ಲೇಟ್ ಮೇಲೆ. ಹೆಗಲ ಮೇಲೆ ಕಮಲದ ಹೂಗಳ ಹಾರ, ಅದರೊಳಗೆ ಅಡ್ಡಡ್ಡ ಇಟ್ಟ ಕತ್ತಿ ಮತ್ತು ಬ್ಯಾಟನ್, ಎಲ್ಲಕ್ಕೂ ಮೇಲೆ ಅಶೋಕನ ಸಿಂಹ. ಈ ರ‍್ಯಾಂಕ್ ನಮಗೆ ಬಂದಿದ್ದು ಬ್ರಿಟಿಷರಿಂದ. ಅವರ ಸೇನೆಯಲ್ಲಿ ಇದು 1736ರಲ್ಲೇ ಶುರುವಾಗಿತ್ತು. ಅವರ ಗುರುತಿನಲ್ಲಿ ಮೇಲೆ ಕಿರೀಟ ಇರುತ್ತೆ. ನಮ್ಮದು ಗಣರಾಜ್ಯ, ಹಾಗಾಗಿ ಕಿರೀಟ ಹೋಯ್ತು, ಸಿಂಹ ಬಂತು.

ಮಾಣೆಕ್ ಶಾ 1971ರ ಯುದ್ಧದಲ್ಲಿ ಸೇನಾ ಮುಖ್ಯಸ್ಥರು. 1973ರ ಜನವರಿ 1ರಂದು ಫೀಲ್ಡ್ ಮಾರ್ಷಲ್ ಆದರು. ಕಾರ್ಯಪ್ಪನವರ ಕಥೆ ಬೇರೆ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರೇ. ಆ ದಿನವನ್ನೇ ಇವತ್ತಿಗೂ ಸೇನಾ ದಿನ ಅಂತ ಆಚರಿಸ್ತೀವಿ. 1953ರಲ್ಲಿ ಹುದ್ದೆ ಬಿಟ್ಟರು. ಫೀಲ್ಡ್ ಮಾರ್ಷಲ್ ಗೌರವ ಬಂದಿದ್ದು 1986ರಲ್ಲಿ, ಅಂದ್ರೆ 33 ವರ್ಷ ಆದ್ಮೇಲೆ!

ಈಗ ನಾನು ಕಾಮರ್ಸ್ ಓದಿದವನಾಗಿ ಕೇಳೋ ಪ್ರಶ್ನೆ: ಸಂಬಳ ಎಷ್ಟು? ಇಲ್ಲೇ ಇರೋದು ವಿಷಯ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಅನ್ನೋದೇ ಇಲ್ಲ. ಕೊನೆಯುಸಿರಿನ ತನಕ ಅವರು ಸೇವೆಯಲ್ಲಿ ಇದ್ದಂತೆಯೇ ಲೆಕ್ಕ. ಸೇವೆಯಲ್ಲಿದ್ದಾರೆ ಅಂದ್ಮೇಲೆ ಪಿಂಚಣಿ ಅಲ್ಲ, ಸಂಬಳ ಕೊಡಬೇಕು. ಆದ್ರೆ ಮಾಣೆಕ್ ಶಾಗೆ ಸಲ್ಲಬೇಕಾದ ಪೂರ್ತಿ ಸಂಬಳ ವರ್ಷಗಟ್ಟಲೆ ಬರಲೇ ಇಲ್ಲ. ಬಾಕಿ ಕೈ ಸೇರಿದ್ದು 2007ರಲ್ಲಿ, ಒಂದು ಕೋಟಿ ರೂಪಾಯಿಗೂ ಜಾಸ್ತಿ. ಆಗ ಅವರಿಗೆ 90 ದಾಟಿತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಕಾರ್ಯಪ್ಪನವರಂತೂ 1993ರಲ್ಲೇ ಹೋಗಿದ್ದರು.

ಬೆಂಗಳೂರಿನ ಪರೇಡ್ ಮೈದಾನಕ್ಕೆ ಮಾಣೆಕ್ ಶಾ ಹೆಸರಿದೆ, ಕಾರ್ಯಪ್ಪನವರ ಹೆಸರಲ್ಲಿ ಉದ್ಯಾನವನ ಇದೆ. ಆ ಕಡೆ ಹೋದಾಗ ಬೋರ್ಡ್ ಓದಿ, ಜೊತೆಗೆ ಈ ಲೆಕ್ಕಾನೂ ನೆನಪಿಸಿಕೊಳ್ಳಿ. ಹೆಗಲ ಮೇಲೆ ಸಿಂಹ ಕೂರಿಸೋಕೆ ಒಂದು ದಿನ ಸಾಕಾಯ್ತು, ಸಂಬಳ ಚುಕ್ತಾ ಮಾಡೋಕೆ 34 ವರ್ಷ ಬೇಕಾಯ್ತು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.